ತಂಗಡಿಯೋ, ಗಿಲಿಗಿಲಿಯೋ, ಕೊಗ್ಗಿಯೋ? ಅವರೆ ಕುಟುಂಬದ ನಾಡಗಿಡ ಆರಿಸುವ ಮುನ್ನ

ಹೋದ ಮೇ ತಿಂಗಳಲ್ಲಿ, ಮುಂಗಾರಿಗೆ ಇನ್ನೂ ಮೂರು ವಾರ ಇದ್ದಾಗ, ಮೂರು ಜನ ಹೆಚ್ಚೂಕಮ್ಮಿ ಒಂದೇ ಪ್ರಶ್ನೆ ಕೇಳಿದರು.

ಮೊದಲನೆಯವನು ನನ್ನ ಗೆಳೆಯ. ಶಿರಾ ಹತ್ತಿರ ಎರಡು ಎಕರೆ ಕೆಂಪು ನೆಲ ಕೊಂಡಿದ್ದಾನೆ. ಬೇಲಿಯ ಸಾಲಿಗೆ ಹೂ ಬಿಡುವ ಗಿಡ ಬೇಕು. ನೀರು ಹಾಕೋಕೆ ಆಗಲ್ಲ, ಊರಿನ ದನ ಕುರಿ ಎಲ್ಲ ಅಲ್ಲೇ ಓಡಾಡುತ್ತವೆ. ಎರಡನೆಯವರು ಬೆಂಗಳೂರಿನ ನಮ್ಮ ಅತ್ತಿಗೆ. ತಾರಸಿಯಲ್ಲಿ ಹತ್ತು ಕುಂಡ ಇವೆ, ಚಿಟ್ಟೆ ಬರಬೇಕು, ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ. ಮೂರನೆಯವರು ತೀರ್ಥಹಳ್ಳಿ ಕಡೆಯ ಚಿಕ್ಕಪ್ಪ. ಅಡಿಕೆ ತೋಟದ ಅಂಚಿನಲ್ಲಿ ಅರೆನೆರಳಿನ ಜಾಗ ಖಾಲಿ ಬಿದ್ದಿದೆ, ಅಲ್ಲಿಗೆ ಏನಾದರೂ ಹೇಳು ಅಂದರು. ಮೂವರೂ ಎಲ್ಲೋ ಕೇಳಿಸಿಕೊಂಡಿದ್ದು ಒಂದೇ ಮಾತು: ಅವರೆ ಕುಟುಂಬದ ನಾಡಗಿಡ ಹಾಕಿ, ಹೂವೂ ಆಯಿತು, ಮಣ್ಣಿಗೂ ಒಳ್ಳೆಯದು.

ಈ ಮಾತು ಅರ್ಧ ಸರಿ. ಈ ಕುಟುಂಬದ ಎಲ್ಲ ಗಿಡವೂ ಮಣ್ಣಿಗೆ ಸಾರಜನಕ ಕೊಡುವುದಿಲ್ಲ. ಎಲ್ಲವೂ ದನಕ್ಕೆ ಒಳ್ಳೆಯದಲ್ಲ. ಮಗುವಿನ ಕೈಗೆ ಸಿಗಬಾರದ ಕಾಯಿಯೂ ಇದೆ. ಹಾಗಾಗಿ ಹೂವಿನ ಫೋಟೊ ನೋಡಿ ಗಿಡ ಆರಿಸಬೇಡಿ. ನಿಮ್ಮ ಜಾಗ ನೋಡಿ, ಆ ಜಾಗಕ್ಕೆ ಯಾರು ಯಾರು ಬರುತ್ತಾರೆ ನೋಡಿ. ಇಡೀ ಲೆಕ್ಕ ನಿಂತಿರುವುದು ಅಲ್ಲೇ.

ಅವರೆ ಹೂವಿನಿಂದ ಶುರು ಮಾಡೋಣ

ಅವರೆ ಹೂವನ್ನು ಹತ್ತಿರದಿಂದ ನೋಡಿದ್ದೀರಿ ಅಲ್ವಾ? ಹಿಂದೆ ಎದ್ದು ನಿಂತ ದೊಡ್ಡ ಎಸಳೊಂದಿದೆ. ಅದು ಧ್ವಜ. ಅಕ್ಕಪಕ್ಕ ಎರಡು ರೆಕ್ಕೆ. ಕೆಳಗೆ ಎರಡು ಎಸಳು ಒಂದಕ್ಕೊಂದು ಅಂಟಿಕೊಂಡು ದೋಣಿಯ ಹಾಗೆ ಆಗಿವೆ. ಕೇಸರಗಳು ಆ ದೋಣಿಯೊಳಗೆ ಅಡಗಿ ಕೂತಿರುತ್ತವೆ. ತೊಗರಿ, ಹುರುಳಿ, ಹೊಂಗೆ, ಮುತ್ತುಗ ಯಾವುದನ್ನು ತೆಗೆದುಕೊಂಡರೂ ಹೂವಿನ ಕಟ್ಟು ಇದೇ. ಗಾತ್ರ ಬೇರೆ, ಬಣ್ಣ ಬೇರೆ, ಅಷ್ಟೆ.

ಆದರೆ ಕುಟುಂಬ ಇದಕ್ಕಿಂತ ದೊಡ್ಡದು. 2017ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ಹೊಸದಾಗಿ ವಿಂಗಡಿಸಿ ಆರು ಉಪಕುಟುಂಬ ಮಾಡಿದರು. ಅವರೆಯಂಥ ಹೂ ಇರುವುದು ಅದರಲ್ಲಿ ಒಂದು ಗುಂಪಿಗೆ. ತಂಗಡಿ ಇನ್ನೊಂದು ಗುಂಪಿನದು. ಅದರ ಹೂವಿನಲ್ಲಿ ಧ್ವಜವೂ ಇಲ್ಲ, ದೋಣಿಯೂ ಇಲ್ಲ. ಐದು ಎಸಳು ಹೆಚ್ಚುಕಡಿಮೆ ಸಮನಾಗಿ ಅರಳುತ್ತವೆ. ಎಲ್ಲವನ್ನೂ ಒಂದು ಮನೆಯವರು ಅನ್ನಿಸುವುದು ಕಾಯಿ. ಈ ವ್ಯತ್ಯಾಸ ಸುಮ್ನೆ ಹೇಳಿದ್ದಲ್ಲ, ಮುಂದೆ ಮಣ್ಣಿನ ವಿಷಯ ಬಂದಾಗ ಬೇಕಾಗುತ್ತದೆ.

ಏನನ್ನು ತೂಗಿ ನೋಡಬೇಕು

ನಾನು ಯಾರಿಗೇ ಗಿಡ ಹೇಳುವ ಮುಂಚೆ ಮಳೆ ಮತ್ತು ನೆಲದ ಬಗ್ಗೆ ಕೇಳುತ್ತೇನೆ. ವರ್ಷಕ್ಕೆ 500 ಮಿ.ಮೀ. ಸುತ್ತಮುತ್ತ ಮಳೆ ಬೀಳುವ ಬಯಲುಸೀಮೆಗೂ ಅದರ ಐದಾರು ಪಟ್ಟು ಸುರಿಯುವ ಮಲೆನಾಡಿಗೂ ಒಂದೇ ಗಿಡ ಹೇಳಲಾಗುವುದಿಲ್ಲ. ನೀರು ನಿಲ್ಲುವ ಜಾಗವೇ, ಇಳಿದು ಹೋಗುವ ಜಾಗವೇ ಅನ್ನುವುದು ಮಳೆಯಷ್ಟೇ ಮುಖ್ಯ.

ಆಮೇಲೆ ಬಾಯಿ ಇರುವವರ ಪ್ರಶ್ನೆ: ದನ, ಆಡು, ಮಕ್ಕಳು. ಗಿಡವನ್ನು ದನ ತಿಂದುಬಿಡುತ್ತದೆಯೇ ಅನ್ನುವುದು ಒಂದು ಚಿಂತೆ, ತಿಂದರೆ ದನಕ್ಕೇ ಏನಾಗುತ್ತದೆ ಅನ್ನುವುದು ಇನ್ನೊಂದು.

ಮೂರನೆಯದು ಬೇರಿನ ಗಂಟು. ಗಾಳಿಯ ಸಾರಜನಕವನ್ನು ಗಿಡಕ್ಕೆ ಕಟ್ಟಿಕೊಡುವ ಬ್ಯಾಕ್ಟೀರಿಯಾ ಈ ಗಂಟುಗಳೊಳಗೆ ಇರುತ್ತವೆ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಎರಡು ತಿಂಗಳ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಅಗೆದು, ನೀರಿನಲ್ಲಿ ಬೇರು ತೊಳೆಯಿರಿ. ಗಂಟು ಕಂಡರೆ ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿಯೋ ಹಸಿರೋ ಆಗಿದ್ದರೆ ಇನ್ನೂ ಶುರುವಾಗಿಲ್ಲ, ಇಲ್ಲವೇ ಮುಗಿದಿದೆ.

ಇದರ ಜೊತೆಗೆ ಗಿಡದ ಆಯಸ್ಸು, ಎತ್ತರ, ಹೂವಿಗೆ ಬರುವ ಜೀವಿಗಳು ಮತ್ತು ಖರ್ಚು ಇವೆ. ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಇಲ್ಲಿ ಹೇಳುವ ಗಿಡಗಳಲ್ಲಿ ಹೆಚ್ಚಿನವು ಬೀಜದಿಂದಲೇ ಬರುತ್ತವೆ, ಬೀಜ ರಸ್ತೆ ಬದಿಯಲ್ಲಿ, ಹೊಲದ ಬದುವಿನಲ್ಲಿ ಸಿಗುತ್ತದೆ. ನಿಮ್ಮ ನಿಜವಾದ ಖರ್ಚು ದುಡ್ಡಲ್ಲ, ಒಂದು ವರ್ಷದ ತಾಳ್ಮೆ.

ತಂಗಡಿ: ಬಯಲುಸೀಮೆಯ ಚಿನ್ನ

ತಂಗಡಿ, ಆವರಿಕೆ, ಹೊನ್ನಾವರಿಕೆ ಎಲ್ಲವೂ ಒಂದೇ. ವಿಜ್ಞಾನದ ಹೆಸರು ಸೆನ್ನಾ ಆರಿಕ್ಯುಲೇಟಾ. ತುಮಕೂರು, ಚಿತ್ರದುರ್ಗ, ಕೋಲಾರ, ಬಳ್ಳಾರಿ ಕಡೆ ರಸ್ತೆಯಲ್ಲಿ ಹೋದರೆ ಕಲ್ಲುನೆಲದಲ್ಲಿ, ಗೋಮಾಳದಲ್ಲಿ, ಕೆರೆ ಏರಿಯ ಬದಿಯಲ್ಲಿ ಹಳದಿ ಗೊಂಚಲು ಹೊತ್ತ ಪೊದೆ ಕಾಣುತ್ತದಲ್ಲ, ಅದೇ. ನಮ್ಮ ಕಡೆ ದೀಪಾವಳಿಯಲ್ಲಿ ಸಗಣಿ ಉಂಡೆಗೆ ಸಿಕ್ಕಿಸಲು ಹುಚ್ಚೆಳ್ಳು ಹೂ, ಅಣ್ಣೆ ಹೂವಿನ ಜೊತೆ ತಂಗಡಿ ಹೂ ಬೇಕೇ ಬೇಕು. ಗಡಿಯಾಚೆ ತೆಲಂಗಾಣದಲ್ಲಿ ಇದು ರಾಜ್ಯದ ಹೂವು. ಬತುಕಮ್ಮ ಹಬ್ಬದಲ್ಲಿ ತಟ್ಟೆಯ ಮೇಲೆ ಸುತ್ತುಸುತ್ತಾಗಿ ಜೋಡಿಸುತ್ತಾರೆ.

ಸಾಮಾನ್ಯವಾಗಿ ಆಳೆತ್ತರಕ್ಕೆ ಬೆಳೆಯುವ ಪೊದೆ ಇದು. ಒಂದು ಕಡ್ಡಿಯಲ್ಲಿ 8ರಿಂದ 12 ಜೋಡಿ ಚಿಕ್ಕ ಎಲೆ. ಪ್ರತಿ ಜೋಡಿಯ ನಡುವೆ ನೆಟ್ಟಗೆ ನಿಂತ ಒಂದು ಪುಟ್ಟ ಗ್ರಂಥಿ ಇರುತ್ತದೆ. ಇರುವೆಗಳು ಅಲ್ಲಿ ಸಿಹಿ ನೆಕ್ಕುತ್ತಾ ಓಡಾಡುತ್ತವೆ. ಎಲೆಕಡ್ಡಿ ಕಾಂಡಕ್ಕೆ ಸೇರುವ ಬುಡದಲ್ಲಿ ಕಿವಿಯಂಥ ಎರಡು ಅಗಲವಾದ ಎಲೆ. ಆರಿಕ್ಯುಲೇಟಾ ಅಂದರೆ ಕಿವಿ ಇರುವುದು ಅಂತಲೇ ಅರ್ಥ. ಕಾಯಿ ಚಪ್ಪಟೆ, ತೆಳು, ಒಣಗಿದಾಗ ಕಂದು ಕಾಗದದ ಹಾಗೆ. ಒಂದರಲ್ಲಿ 12ರಿಂದ 20 ಬೀಜ.

ಈ ಕಿವಿಯನ್ನು ನೆನಪಿಟ್ಟುಕೊಳ್ಳಿ. ಕೆಲವು ವರ್ಷದ ಹಿಂದೆ ಒಂದು ನರ್ಸರಿಯಲ್ಲಿ ತಂಗಡಿ ಅಂತ ಕೇಳಿ ಆರು ಸಸಿ ತಂದೆ. ಎರಡನೇ ವರ್ಷಕ್ಕೆ ನನ್ನ ತಲೆ ದಾಟಿ ಹೋದವು. ಅದು ಸೀಮೆ ತಂಗಡಿ, ಆಗ್ನೇಯ ಏಷ್ಯಾದಿಂದ ಬಂದ ಮರ. ಬೇಲಿಯ ಸಾಲಿಗೆ ಅಂತ ನೆಟ್ಟದ್ದನ್ನು ಕಡಿದು ತೆಗೆಯಬೇಕಾಯಿತು, ಎರಡು ಮಳೆಗಾಲ ಹೋಯಿತು. ಅದಕ್ಕಿಂತ ದೊಡ್ಡ ಅಪಾಯ ಸೆನ್ನಾ ಸ್ಪೆಕ್ಟಾಬಿಲಿಸ್. ಅಮೆರಿಕ ಖಂಡದಿಂದ ಬಂದ ಹಳದಿ ಹೂವಿನ ಆ ಮರ ಬಂಡೀಪುರ, ನಾಗರಹೊಳೆಯ ಕಾಡಿನೊಳಗೆ ನುಗ್ಗಿ ಬೇರೆ ಗಿಡಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತಿದೆ. ಎರಡಕ್ಕೂ ಎಲೆಜೋಡಿಗಳ ನಡುವೆ ಗ್ರಂಥಿ ಇಲ್ಲ, ಬುಡದಲ್ಲಿ ಉಳಿದುಕೊಳ್ಳುವ ಅಗಲ ಕಿವಿಯೂ ಇಲ್ಲ. ಸಸಿ ಕೊಳ್ಳುವಾಗ ಬಗ್ಗಿ ನೋಡಿ. ಕಿವಿ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ತಂಗಡಿಯ ದೊಡ್ಡ ಗುಣ ಏನೆಂದರೆ ದನ ಇದನ್ನು ಮುಟ್ಟುವುದಿಲ್ಲ. ಊರಿನ ಗೋಮಾಳದಲ್ಲಿ ಹುಲ್ಲೆಲ್ಲ ಬೋಳಾದರೂ ತಂಗಡಿ ಹಸಿರಾಗಿ ನಿಂತಿರುವುದು ಇದಕ್ಕೇ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹಿಂದೆ ಗದ್ದೆಗೆ ತಂಗಡಿ ಸೊಪ್ಪು ತುಳಿಯುತ್ತಿದ್ದರು, ಎಳೆ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ತೊಗಟೆಯಲ್ಲಿ ಒಗರು ಜಾಸ್ತಿ ಇರುವುದರಿಂದ ಚರ್ಮ ಹದ ಮಾಡಲು ದಕ್ಷಿಣ ಭಾರತದಲ್ಲೆಲ್ಲ ಇದನ್ನೇ ಬಳಸುತ್ತಿದ್ದರು. ಆಮೇಲೆ ವ್ಯಾಟಲ್ ಅನ್ನುವ ಅಕೇಶಿಯಾ ಮರದ ತೊಗಟೆ ಬಂದು ಅದರ ಜಾಗ ಹಿಡಿಯಿತು.

ಇನ್ನು ಕೊರತೆಗಳು. ಸೆನ್ನಾ ಜಾತಿಯ ಗಿಡಗಳಲ್ಲಿ ಸಾಮಾನ್ಯವಾಗಿ ಬೇರಿನ ಗಂಟು ಇರುವುದಿಲ್ಲ, ತಂಗಡಿಯೂ ಹಾಗೇ. ಅಂದರೆ ಅವರೆ ಕುಟುಂಬದ್ದು ಅಂತ ನೆಟ್ಟರೂ ಗಾಳಿಯ ಸಾರಜನಕ ನೆಲಕ್ಕೆ ಇಳಿಯುವುದಿಲ್ಲ. ಸೊಪ್ಪು ಕಡಿದು ಹಾಕಿದರೆ ಗೊಬ್ಬರ ಆಗುತ್ತದೆ, ಅದು ಬೇರೆ ಮಾತು. ಎರಡನೆಯದಾಗಿ ಇದಕ್ಕೆ ಮುಳ್ಳಿಲ್ಲ. ದನ ತಿನ್ನದು ನಿಜ, ನುಗ್ಗುವ ದನವನ್ನು ತಡೆಯುವುದೂ ಇಲ್ಲ. ಕಲ್ಲುಕಂಬ, ತಂತಿಯ ಪಕ್ಕದ ಸಾಲಾಗಿ ನೋಡಿ, ಬರೀ ತಂಗಡಿಯನ್ನೇ ಬೇಲಿ ಅಂದುಕೊಳ್ಳಬೇಡಿ. ಮೂರನೆಯದು, ನೀರು ನಿಂತರೆ ಬೇರು ಕೊಳೆಯುತ್ತದೆ. ಮಲೆನಾಡಿನ ಜಿಗುಟು ಮಣ್ಣು, ತಿಂಗಳುಗಟ್ಟಲೆ ಮಳೆ ಇದಕ್ಕೆ ಆಗಿಬರದು.

ಜೇನುಪೆಟ್ಟಿಗೆ ಇಟ್ಟವರಿಗೆ ಒಂದು ಮಾತು. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ. ಇರುವುದು ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ಮನೆಯ ತೊಲೆ ಕೊರೆಯುವ ಆ ದೊಡ್ಡ ಕರಿ ದುಂಬಿ ಬಂದು ಹೂವನ್ನು ಅಪ್ಪಿ, ಮೈ ನಡುಗಿಸಿ ಝುಂಯ್ ಅನ್ನಿಸಿದಾಗ ಪರಾಗ ಚಿಮ್ಮುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬಾರದು. ಹಾಗಾಗಿ ತಂಗಡಿಯಿಂದ ಜೇನುತುಪ್ಪ ನಿರೀಕ್ಷಿಸಬೇಡಿ. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಹೂ ತುಂಬಿದ ತಂಗಡಿ ಪಕ್ಕ ಒಂದು ಹತ್ತು ನಿಮಿಷ ನಿಲ್ಲಿ. ಆ ಝೇಂಕಾರ ಕೇಳಿದವರು ಗಿಡವನ್ನು ಕಡಿಯುವ ಮನಸ್ಸು ಮಾಡುವುದಿಲ್ಲ. ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಗಳು, ಇಂಗ್ಲಿಷಿನಲ್ಲಿ ಎಮಿಗ್ರೆಂಟ್ ಅನ್ನುವ ಜಾತಿ, ಇದರ ಎಲೆಯ ಮೇಲೆ ಮೊಟ್ಟೆ ಇಡುತ್ತವೆ.

ಒಣಗಿಸಿದ ಹೂವಿನ ಚಹಾ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ತುಂಬಾ ಜನ ಹೇಳುತ್ತಾರೆ. ರುಚಿಗೆ ಕುಡಿಯಿರಿ. ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಗಿಲಿಗಿಲಿ: ಚಿಟ್ಟೆಗಳಿಗೆ ಹಬ್ಬ, ದನಕ್ಕೆ ವಿಷ

ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಿಗಿಲಿ ಅನ್ನುತ್ತದೆ. ಅದಕ್ಕೇ ಗಿಲಿಗಿಲಿ, ಗಿಜಿಗಿಜಿ, ಗೆಜ್ಜೆ ಗಿಡ ಅಂತ ಊರಿಗೊಂದು ಹೆಸರು. ವಿಜ್ಞಾನದ ಹೆಸರು ಕ್ರೋಟಲೇರಿಯಾ ಕೂಡ ತಾಳದಂಥ ವಾದ್ಯಕ್ಕಿರುವ ಗ್ರೀಕ್ ಪದದಿಂದ ಬಂದದ್ದು. ದೂರದ ಎರಡು ಭಾಷೆಯ ಜನ ಒಂದೇ ಸದ್ದು ಕೇಳಿ ಹೆಸರಿಟ್ಟರಲ್ಲ, ನನಗೆ ಅದು ಬಹಳ ಇಷ್ಟ. ಭಾರತದಲ್ಲೇ ಇದರ ಎಂಬತ್ತಕ್ಕೂ ಹೆಚ್ಚು ಜಾತಿಗಳಿವೆ. ತೋಟಕ್ಕೆ ನಾನು ಹೇಳುವುದು ಎರಡು. ಒಂದು ಕ್ರೋಟಲೇರಿಯಾ ರೆಟ್ಯೂಸಾ: ಸೊಂಟದೆತ್ತರ, ತುದಿ ದುಂಡಾದ ಒಂಟಿ ಎಲೆ, ಕೆಂಪು ಗೆರೆ ಎಳೆದ ಹಳದಿ ಹೂ. ಇನ್ನೊಂದು ಕ್ರೋಟಲೇರಿಯಾ ವೆರುಕೋಸಾ: ಮೂಲೆಮೂಲೆಯಾದ ಕಾಂಡ, ತಿಳಿ ನೀಲಿ-ನೇರಳೆ ಹೂ. ಹಸಿರೆಲೆ ಗೊಬ್ಬರಕ್ಕೆ ಹಾಕುವ ಅಪ್ಸೆಣಬು ಕೂಡ ಇದೇ ಜಾತಿಯ ನೆಂಟ.

ಹೂವು ನಿಜವಾದ ಅವರೆ ಹೂವು. ಧ್ವಜ ಎದ್ದು ಕಾಣುತ್ತದೆ, ದೋಣಿಯ ಮೂತಿ ಕೊಕ್ಕಿನ ಹಾಗೆ ಮೇಲಕ್ಕೆ ಬಾಗಿದೆ. ದುಂಬಿ ಬಂದು ರೆಕ್ಕೆಯ ಮೇಲೆ ಕೂತು ಭಾರ ಹಾಕಿದರೆ, ಒಳಗಿನ ಕೇಸರ ಪರಾಗವನ್ನು ಕೊಕ್ಕಿನ ತುದಿಯಿಂದ ಪಿಚಕಾರಿಯಂತೆ ಹೊರಗೆ ತಳ್ಳುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ ನೋಡಿ, ನಿಮಗೂ ಕಾಣಿಸುತ್ತದೆ. ಬೇರಿನಲ್ಲಿ ಗಂಟು ಚೆನ್ನಾಗಿ ಕಟ್ಟುತ್ತದೆ. ಮಣ್ಣಿನ ಲೆಕ್ಕದಲ್ಲಿ ತಂಗಡಿಗಿಂತ ಇದು ಮೇಲು.

ಚಿಟ್ಟೆ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ನಾನು ಕಂಡಿಲ್ಲ. ಬ್ಲೂ ಟೈಗರ್, ಕ್ರೋ ಜಾತಿಯ ಚಿಟ್ಟೆಗಳು ಹೂವನ್ನು ಬಿಟ್ಟು ಒಣಗಿದ ಎಲೆ, ಕಾಂಡ, ಕಾಯಿಯ ಮೇಲೆ ಗುಂಪಾಗಿ ಕೂರುತ್ತವೆ. ಹೆಚ್ಚಿನವು ಗಂಡು. ಗಿಡದ ಆಲ್ಕಲಾಯ್ಡ್ ಅನ್ನುವ ರಾಸಾಯನಿಕವನ್ನು ಹೀರಿ, ಅದರಿಂದ ಹೆಣ್ಣನ್ನು ಕರೆಯುವ ವಾಸನೆ ತಯಾರಿಸಿಕೊಳ್ಳುತ್ತವೆ. ಹಾಗಾಗಿ ಒಣಗಿದ ಗಿಡವನ್ನು ಕೂಡಲೇ ಕಿತ್ತು ಎಸೆಯಬೇಡಿ. ಅಂದ ಹೋದ ಮೇಲೇ ಅದರ ನಿಜವಾದ ಜಾತ್ರೆ ಶುರು.

ಆದರೆ ಚಿಟ್ಟೆ ಹುಡುಕಿ ಬರುವ ಅದೇ ವಸ್ತು ದನ, ಕುದುರೆಗಳ ಯಕೃತ್ತನ್ನು ಹಾಳು ಮಾಡುತ್ತದೆ. ಮನುಷ್ಯರಿಗೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಬೀಜದಲ್ಲಿ ಅದು ಜಾಸ್ತಿ. ಹಟ್ಟಿ ಇರುವ ಮನೆಯಲ್ಲಿ, ಮೇವು ಕೊಯ್ಯುವ ಬದುವಿನಲ್ಲಿ ಗಿಲಿಗಿಲಿ ಖಂಡಿತ ಬೇಡ. ಒಣಮೇವಿನ ಹೊರೆಯೊಳಗೆ ಸೇರಿಬಿಟ್ಟರೆ ದನಕ್ಕೆ ಬಿಟ್ಟು ತಿನ್ನಲು ಆಗುವುದಿಲ್ಲ. ಚಿಕ್ಕ ಮಕ್ಕಳಿಗೆ ಕಾಯಿಯ ಸದ್ದು ಬಲು ಇಷ್ಟ. ಆಡಲಿ, ಆದರೆ ದೊಡ್ಡವರ ಕಣ್ಣೆದುರು ಆಡಲಿ. ಬೀಜ ಬಾಯಿಗೆ ಹೋಗಬಾರದು.

ಆಯಸ್ಸೂ ಕಡಿಮೆ. ಒಂದು ವರ್ಷ, ಹೆಚ್ಚೆಂದರೆ ಎರಡು. ಕಾಯಿ ಸಿಡಿದು ಬಿದ್ದ ಬೀಜ ಮುಂದಿನ ಮಳೆಗೆ ತಾನೇ ಹುಟ್ಟುತ್ತದೆ, ಆದರೆ ನೀವು ಹಾಕಿದ ಸಾಲಿನಲ್ಲೇ ಹುಟ್ಟುವುದಿಲ್ಲ. ಅಚ್ಚುಕಟ್ಟು ಬೇಕು ಅನ್ನುವವರಿಗೆ ಇದು ಹೊಂದುವುದು ಕಷ್ಟ.

ಕೊಗ್ಗಿ: ನೋಡಲು ಸಾಧಾರಣ, ಕೆಲಸದಲ್ಲಿ ಗಟ್ಟಿ

ಹೊಲದ ಬದುವಿನಲ್ಲಿ, ರೈಲುಹಳಿಯ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಬೂದುಹಸಿರಾಗಿ ನಿಂತಿರುವ ಗಿಡವೇ ಕೊಗ್ಗಿ. ಕೆಲವರು ಕೊಗ್ಗಿಲಿ ಅನ್ನುತ್ತಾರೆ. ಟೆಫ್ರೋಸಿಯಾ ಪರ್ಪ್ಯೂರಿಯಾ ಅನ್ನುವ ಹೆಸರಿನಲ್ಲಿ ಬೂದಿ ಮತ್ತು ನೇರಳೆ ಎರಡೂ ಇವೆ. ಗುರುತು ಹಿಡಿಯಲು ಒಂದು ಸುಲಭ ದಾರಿ: ಚಿಕ್ಕ ಎಲೆಯೊಂದರ ತುದಿ ಹಿಡಿದು ಎಳೆಯಿರಿ. ಅಡ್ಡಕ್ಕೆ ನೇರ ಹರಿಯುವುದಿಲ್ಲ, ಬಾಣದ ಹಿಂಬದಿಯ ಕಚ್ಚಿನ ಹಾಗೆ ಮೂಲೆಯಾಗಿ ಹರಿಯುತ್ತದೆ. ಸಂಸ್ಕೃತದ ಶರಪುಂಖ ಅನ್ನುವ ಹೆಸರು ಬಂದದ್ದು ಇದರಿಂದ.

ಹೂವು ನೇರಳೆ, ಚಿಕ್ಕದು. ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಅತಿಥಿಗಳು ಬಂದು ಆಹಾ ಅನ್ನಲಿ ಅಂತ ಇದನ್ನು ಹಾಕಬೇಡಿ. ಹಾಕಬೇಕಾದದ್ದು ಮಣ್ಣಿಗಾಗಿ. ಬೇರು ಆಳಕ್ಕೆ ಇಳಿಯುತ್ತದೆ, ಗಂಟು ಕಟ್ಟುತ್ತದೆ, ನೀರು ಕೇಳುವುದಿಲ್ಲ, ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಕಲ್ಲುಮಿಶ್ರಿತ ಬರಡು ನೆಲವನ್ನು ಎರಡು ಮೂರು ವರ್ಷದಲ್ಲಿ ತೋಟಕ್ಕೆ ಸಿದ್ಧ ಮಾಡಬೇಕು ಅನ್ನುವವರಿಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ನನ್ನ ಮೊದಲ ಮಾತು ಕೊಗ್ಗಿಯೇ. ತೆಂಗಿನ ತೋಟದಲ್ಲಿ ಮರಗಳ ನಡುವೆ ಹಸಿರೆಲೆ ಗೊಬ್ಬರವಾಗಿ ಬಿಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ: ಇದರಲ್ಲಿ ಮೀನಿಗೆ ವಿಷವಾಗುವ ಅಂಶ ಇದೆ. ಮೀನು ಸಾಕುವ ಹೊಂಡದ ದಂಡೆಗೆ ಬೇಡ.

ನೀಲಿ ಗಿಡ: ಕುಂಡಕ್ಕೆ ಹೊಂದುವುದು

ಇಂಡಿಗೋಫೆರಾ ಟಿಂಕ್ಟೋರಿಯಾ, ನಮ್ಮ ಹಳೆಯ ನೀಲಿ. 1917ರಲ್ಲಿ ಗಾಂಧೀಜಿ ಹೋರಾಟ ನಡೆಸಿದ ಬಿಹಾರದ ಚಂಪಾರಣ್‌ನ ರೈತರ ಕಣ್ಣೀರಿನ ಹಿಂದೆ ಇದ್ದದ್ದು ನೀಲಿಯೇ. ಇದರ ಮೂಲ ನೆಲೆ ಯಾವುದು ಅನ್ನುವುದರ ಬಗ್ಗೆ ಸಸ್ಯವಿಜ್ಞಾನಿಗಳಲ್ಲಿ ಇನ್ನೂ ವಾದವಿದೆ. ಆದರೆ ಸಾವಿರಾರು ವರ್ಷದಿಂದ ಇಲ್ಲಿ ಬೆಳೆಯುತ್ತಿರುವ ಗಿಡವನ್ನು ನಾನು ನಮ್ಮದು ಅಂತಲೇ ಎಣಿಸುತ್ತೇನೆ. ಅಷ್ಟಕ್ಕೂ ಕಟ್ಟುನಿಟ್ಟಾಗಿ ನಾಡಿನದೇ ಬೇಕು ಅನ್ನುವವರಿಗೆ ಪಶ್ಚಿಮ ಘಟ್ಟದ ಎಲೆಯುದುರುವ ಕಾಡುಗಳಲ್ಲಿ ಇಂಡಿಗೋಫೆರಾ ಕ್ಯಾಸಿಯಾಯ್ಡಿಸ್ ಇದೆ. ಬೇಸಿಗೆಯ ಆರಂಭದಲ್ಲಿ ಬೋಳು ಕೊಂಬೆಯ ತುಂಬ ಗುಲಾಬಿ ಹೂ ಬಿಡುತ್ತದೆ. ಕಂಡವರಿಗೆ ಮರೆಯುವುದಿಲ್ಲ. ನರ್ಸರಿಗಳಲ್ಲಿ ಸಿಗುವುದು ಮಾತ್ರ ಅಪರೂಪ.

ನೀಲಿಯ ಹೂ ಚಿಕ್ಕದು, ನಸುಗೆಂಪು. ಜೇನು ಮುಟ್ಟಿದ ಕ್ಷಣಕ್ಕೆ ದೋಣಿ ಟಕ್ ಅಂತ ಕೆಳಗೆ ಬೀಳುತ್ತದೆ, ಕೇಸರ ಮೇಲೆ ಚಿಮ್ಮುತ್ತದೆ. ಎಲೆಯಲ್ಲಿ ನೀಲಿ ಬಣ್ಣವೇ ಇಲ್ಲ. ನೀರಿನಲ್ಲಿ ನೆನೆಸಿ ಕೊಳೆಸಿ, ಆ ನೀರನ್ನು ಚೆನ್ನಾಗಿ ಕಡೆದು ಗಾಳಿ ತಾಕಿಸಿದಾಗ ನೀಲಿ ಹುಟ್ಟುತ್ತದೆ. ಬಣ್ಣಕ್ಕೆ ಬೆಳೆಸುವವರು ಹೂ ಬಿಡಲು ಶುರುವಾದಾಗಲೇ ಸೊಪ್ಪು ಕೊಯ್ಯಬೇಕು. ಹೂವೂ ಬೇಕು ಬಣ್ಣವೂ ಬೇಕು ಅಂದರೆ ಕುಂಡಗಳನ್ನು ಎರಡು ಭಾಗ ಮಾಡಿ, ಒಂದನ್ನು ಕೊಯ್ಯಿರಿ, ಇನ್ನೊಂದನ್ನು ಬಿಡಿ. ಎರಡು ಮೂರು ಕುಂಡದ ಸೊಪ್ಪಿನಲ್ಲಿ ಸೀರೆ ಅದ್ದುವಷ್ಟು ಬಣ್ಣ ಬರುವುದಿಲ್ಲ, ಮಕ್ಕಳಿಗೆ ಒಂದು ಕರವಸ್ತ್ರ ಅದ್ದಿ ತೋರಿಸಬಹುದು.

ಫ್ಲೆಮಿಂಜಿಯಾ: ಮಲೆನಾಡಿನ ಅರೆನೆರಳಿಗೆ

ಮೇಲಿನ ನಾಲ್ಕಕ್ಕೂ ಬಿಸಿಲು ಬೇಕು. ನೆರಳಿನ ಅಂಚಿನಲ್ಲಿ ಬದುಕುವುದು ಫ್ಲೆಮಿಂಜಿಯಾ ಸ್ಟ್ರೋಬಿಲಿಫೆರಾ. ಘಟ್ಟದ ಕಾಡಂಚುಗಳಲ್ಲಿ ಆಳೆತ್ತರಕ್ಕೆ ಬೆಳೆಯುತ್ತದೆ. ಎಲೆ ಒಂಟಿ, ದೊಡ್ಡದು, ನರಗಳು ಎದ್ದು ಕಾಣುತ್ತವೆ. ಹೂವು ಬೆಳ್ಳಗೆ ಚಿಕ್ಕದಿದ್ದು, ಮಡಚಿದ ದೊನ್ನೆಯಂಥ ಎಲೆಗಳೊಳಗೆ ಅಡಗಿರುತ್ತದೆ. ಅಂದ ಇರುವುದು ಆ ದೊನ್ನೆಗಳ ಸಾಲಿನಲ್ಲಿ. ಮೊದಲು ಹಸಿರು, ಆಮೇಲೆ ಒಣಗಿ ಕಂದು ಕಾಗದದಂತೆ ಆಗಿ ತಿಂಗಳುಗಟ್ಟಲೆ ಗಿಡದಲ್ಲೇ ನಿಲ್ಲುತ್ತವೆ. ಕತ್ತರಿಸಿ ಹೂದಾನಿಯಲ್ಲಿ ಇಟ್ಟರೂ ಹಾಗೇ ಇರುತ್ತದೆ. ಮಳೆ ತಡೆಯುತ್ತದೆ, ಬೇರಿನಲ್ಲಿ ಗಂಟು ಕಟ್ಟುತ್ತದೆ. ಬಯಲುಸೀಮೆಯಲ್ಲಿ ಇದನ್ನು ಉಳಿಸಲು ಬೇಸಿಗೆಯಿಡೀ ನೀರು ಹಾಕಬೇಕು, ಅಷ್ಟು ಕಷ್ಟಪಡುವ ಅಗತ್ಯ ನನಗೆ ಕಾಣುವುದಿಲ್ಲ.

ಶಂಖಪುಷ್ಪ ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಒಳ್ಳೆಯದೇ, ಆದರೆ ಅದು ಪೊದೆಯಲ್ಲ, ಬಳ್ಳಿ. ಹಬ್ಬಲು ಕಂಬಿ ಇದ್ದರೆ ಹಾಕಿ.

ಹಾಗಾದರೆ ಯಾರಿಗೆ ಯಾವುದು?

ಗೆಳೆಯನಿಗೆ ನಾನು ತಂಗಡಿ ಮತ್ತು ಕೊಗ್ಗಿ ಎರಡನ್ನೂ ಹೇಳಿದೆ. ತಂತಿಬೇಲಿಯ ಉದ್ದಕ್ಕೂ ತಂಗಡಿ, ಅದರ ಒಳಸಾಲಿಗೆ ಕೊಗ್ಗಿ. ತಂಗಡಿ ಮಾಡದ ಮಣ್ಣಿನ ಕೆಲಸವನ್ನು ಕೊಗ್ಗಿ ಮಾಡುತ್ತದೆ. ಕೊಗ್ಗಿಗೆ ಇಲ್ಲದ ಎತ್ತರ, ಬಣ್ಣವನ್ನು ತಂಗಡಿ ಕೊಡುತ್ತದೆ. ಲೆಕ್ಕ ಹಾಕಿದೆವು. ನೂರು ಮೀಟರ್ ಅಂದರೆ ಸುಮಾರು 330 ಅಡಿ. ಅಡಿಗೊಂದು ಗುಂಡಿ, ಗುಂಡಿಗೆ ಮೂರು ಬೀಜ ಅಂದರೂ ಸಾವಿರ ಬೀಜ ಸಾಕು. ತಂಗಡಿಯ ನೂರು ಕಾಯಿ ಆರಿಸಿದರೆ ಅಷ್ಟು ಬೀಜ ಸಿಕ್ಕೇ ಸಿಗುತ್ತದೆ. ಅವನಿಗೆ ಗಿಲಿಗಿಲಿಯ ಹೂ ಇಷ್ಟವಾಗಿತ್ತು. ಅಕ್ಕಪಕ್ಕದವರ ದನದ ವಿಷಯ ಹೇಳಿದ ಮೇಲೆ ತಾನೇ ಬೇಡ ಅಂದ.

ಅತ್ತಿಗೆಯ ವಿಷಯದಲ್ಲಿ ಯೋಚನೆ ಮಾಡಬೇಕಾಯಿತು. ಬರೀ ಚಿಟ್ಟೆ ಅಂದರೆ ಗಿಲಿಗಿಲಿಯೇ ಸರಿ. ಐದು ವರ್ಷದ ಮಗು ಇರುವಾಗ ಕೈಗೆಟುಕುವ ಕುಂಡದಲ್ಲಿ ಅದನ್ನು ಇಡಲು ನನಗೆ ಮನಸ್ಸಾಗಲಿಲ್ಲ. ನಾಲ್ಕು ಕುಂಡ ನೀಲಿ ಹಾಕಿ, ಮಗು ಇನ್ನೂ ನಾಲ್ಕು ವರ್ಷ ದೊಡ್ಡವಳಾಗಲಿ, ಆಮೇಲೆ ಗಿಲಿಗಿಲಿ ನೋಡೋಣ ಅಂದೆ. ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದವರು, ದನ ಕಟ್ಟದವರು ಧೈರ್ಯವಾಗಿ ಗಿಲಿಗಿಲಿ ಹಾಕಬಹುದು. 12 ಇಂಚಿನ ಕುಂಡ ಸಾಕು. ತಂಗಡಿ ಮಾತ್ರ ಕುಂಡದ ಗಿಡ ಅಲ್ಲ. ತಾಯಿಬೇರು ಇಳಿಯಲು ಜಾಗ ಬೇಕು, ಡ್ರಮ್ ಇದ್ದರೆ ಪ್ರಯತ್ನಿಸಿ.

ಚಿಕ್ಕಪ್ಪನಿಗೆ ಫ್ಲೆಮಿಂಜಿಯಾ. ಅವರು ಮೊದಲು ತಂಗಡಿಯನ್ನೇ ಕೇಳಿದ್ದರು. ಬಯಲುಸೀಮೆಗೆ ಬಂದಾಗ ನೋಡಿ ಆಸೆಪಟ್ಟಿದ್ದರು. ಆಗಸ್ಟ್ ತಿಂಗಳ ಅವರ ತೋಟದಲ್ಲಿ ಅದು ಉಳಿಯುವುದಿಲ್ಲ ಅಂತ ಹೇಳಲು ನನಗೂ ಬೇಜಾರಾಯಿತು.

ಗದ್ದೆಗೋ ಹೊಲಕ್ಕೋ ಒಂದೇ ಹಂಗಾಮಿನಲ್ಲಿ ಗೊಬ್ಬರ ಆಗಬೇಕು ಅನ್ನುವವರು ಪೊದೆಗಳ ಗೋಜಿಗೆ ಹೋಗಬೇಡಿ. ಅಪ್ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವುದುಂಟು.

ಬೀಜ ಆರಿಸಿ ಬಿತ್ತುವುದು

ಕಾಯಿ ಪೂರ್ತಿ ಒಣಗಿ ಕಂದಾದ ಮೇಲೆ ಕೀಳಿ. ರಸ್ತೆ ಬದಿ, ನಿಮ್ಮದೇ ಹೊಲ, ಗೆಳೆಯರ ತೋಟ ಇಷ್ಟರಲ್ಲೇ ಆರಿಸಿ. ಮೀಸಲು ಕಾಡಿನೊಳಗಿಂದ ತರಬೇಡಿ, ಅದು ಕಾನೂನಿಗೆ ವಿರುದ್ಧ. ಒಂದೇ ಗಿಡದ ಎಲ್ಲ ಕಾಯಿಯನ್ನೂ ಬೋಳಿಸದೆ ಹತ್ತು ಗಿಡದಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಿ. ಗಿಲಿಗಿಲಿ ಕಾಯಿಯಲ್ಲಿ ತೂತು ಕಂಡರೆ ಒಳಗೆ ಹುಳು ಕೂತು ಬೀಜ ತಿಂದಿರುತ್ತದೆ, ಅಂಥದ್ದನ್ನು ಗಿಡದಲ್ಲೇ ಬಿಡಿ.

ತಂಗಡಿ, ಕೊಗ್ಗಿ ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೇ ಬಿತ್ತಿದರೆ ನೂರಕ್ಕೆ ಕೆಲವೇ ಹುಟ್ಟುತ್ತವೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಅದಕ್ಕೆ ಬೀಜ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆಗೆ ಉಬ್ಬಿದ ಬೀಜ ಬಿತ್ತಲು ಸಿದ್ಧ. ಉಬ್ಬದೇ ಉಳಿದದ್ದನ್ನು ಮರಳುಕಾಗದದ ಮೇಲೆ ನಾಲ್ಕು ಸಲ ತಿಕ್ಕಿ ಮತ್ತೆ ನೆನೆಸಿ. ಆದಷ್ಟೂ ನೇರ ನೆಲಕ್ಕೇ ಬಿತ್ತಿ. ಚೀಲದಲ್ಲಿ ಬೆಳೆಸಿ ಆಮೇಲೆ ನೆಡಲು ಹೋದರೆ ತಾಯಿಬೇರು ಸುತ್ತಿಕೊಂಡು ಗಿಡ ಸೊರಗುತ್ತದೆ. ಜೂನ್ ತಿಂಗಳ ಮೊದಲ ಒಳ್ಳೆಯ ಮಳೆ ಬಿದ್ದ ಮಾರನೇ ದಿನ ಬಿತ್ತಿದರೆ ನೀರು ಹೊರುವ ಕೆಲಸವೇ ಇಲ್ಲ.

ಮೊದಲ ವರ್ಷ ತಂಗಡಿ ಮೊಣಕಾಲಿಗೂ ಬರುವುದಿಲ್ಲ. ಗೆಳೆಯ ಡಿಸೆಂಬರಿನಲ್ಲಿ ಫೋನ್ ಮಾಡಿ, ಗಿಡ ಬೆಳೀತಾನೇ ಇಲ್ಲ, ಗೊಬ್ಬರ ಹಾಕಲಾ ಅಂತ ಕೇಳಿದ. ಒಂದು ಗಿಡದ ಪಕ್ಕ ಮೆಲ್ಲಗೆ ಅಗೆದು ನೋಡು ಅಂದೆ. ಮೇಲೆ ಒಂದು ಗೇಣು ಇದ್ದ ಸಸಿಯ ಬೇರು ಕೆಳಗೆ ಎರಡು ಗೇಣು ದಾಟಿತ್ತು.